ಗ್ಲಾಸಿನಲ್ಲಿ ಹಣ್ಣೆಷ್ಟು, ಮಿಕ್ಕಿದ್ದೇನು?

ಆರೋಗ್ಯ ಪ್ರಶ್ನೋತ್ತರ

ಏಪ್ರಿಲ್ ಕಾಲಿಟ್ಟಿತೆಂದರೆ ಈ ಅಂಕಣದ ಡಾಕ್ಟರರ ಮೇಜಿನ ಮೇಲಿನ ಪತ್ರಗಳ ಬಣ್ಣವೇ ಬದಲಾಗುತ್ತದೆ. ಕೆಮ್ಮು, ಮೊಣಕಾಲು ನೋವು ಹಿಂದೆ ಸರಿದು ಗಣಪತ್ ಗಲ್ಲಿಯ ಹಣ್ಣು, ಖಾನಾಪುರದ ಕೋಕಂ, ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬರುವ ಬಾಟಲಿಗಳು ಮುಂದೆ ಬರುತ್ತವೆ. ಡಾಕ್ಟರರು ಹಣ್ಣಿನ ವೈರಿಯಲ್ಲ, ಸಂಜೆ ಹೊತ್ತು ಸೋಲಕಢಿ ಕುಡಿಯದೆ ಅವರಿಗೂ ಬೇಸಿಗೆ ಕಳೆಯುವುದಿಲ್ಲ. ಆದರೆ ಹಣ್ಣಿನ ಬಣ್ಣ, ಹುಳಿ, ಸಿಹಿಯ ಮರೆಯಲ್ಲಿ ಏನೇನು ಹೊಟ್ಟೆ ಸೇರುತ್ತಿದೆ ಎಂದು ಯಾರೂ ಕೇಳುವುದಿಲ್ಲವಲ್ಲ ಎಂಬುದು ಅವರ ಹಳೆಯ ತಕರಾರು.

ಪ್ರಶ್ನೆ: ನಾನು ಪುಣೆಯಲ್ಲಿ ನೌಕರಿ ಮಾಡುತ್ತೇನೆ. ಮೇ ತಿಂಗಳಲ್ಲಿ ಊರಿಗೆ ಬಂದಾಗ ಗೆಳೆಯರೆಲ್ಲ ಮನೆಯ ಟೆರೇಸ್ ಮೇಲೆ ಸೇರಿ, ಗೋವಾದ ಉರಾಕ್‌ಗೆ ಕೋಕಂ ರಸ, ಲಿಂಬಿಹಣ್ಣು, ಉಪ್ಪು, ಸೀಳಿದ ಹಸಿಮೆಣಸಿನಕಾಯಿ ಹಾಕಿ ಕಾಕ್‌ಟೇಲ್ ಮಾಡುತ್ತೇವೆ. ಹಣ್ಣಿನದ್ದೇ ಆದ್ದರಿಂದ ವಿಸ್ಕಿಯಷ್ಟು ಕೆಟ್ಟದ್ದಲ್ಲ ತಾನೆ? ದೇಹಕ್ಕೆ ತಂಪು ಅನ್ನುತ್ತಾರೆ. (ತಿಳಕವಾಡಿ, ಬೆಳಗಾವಿ)

ಗೇರುಹಣ್ಣಿನ ರಸ ಹುಳಿಸಿ ಒಮ್ಮೆ ಭಟ್ಟಿ ಇಳಿಸಿದರೆ ಉರಾಕ್, ಅದನ್ನೇ ಮತ್ತೆ ಭಟ್ಟಿಗೆ ಹಾಕಿದರೆ ಫೆನಿ. ಫೆನಿಯಲ್ಲಿ ಮದ್ಯಸಾರ ಶೇಕಡಾ 42ರ ಆಸುಪಾಸು, ಉರಾಕ್‌ನಲ್ಲಿ ಸುಮಾರು 15. ಇಲ್ಲೇ ಜನ ಮೋಸ ಹೋಗುವುದು. ಫೆನಿಯ ವಾಸನೆ ಮೂಗಿಗೆ ಬಡಿದು ಎಚ್ಚರಿಸುತ್ತದೆ, ಕೋಕಂ ಬೆರೆತ ಉರಾಕ್ ಸರಬತ್ತಿನ ಹಾಗೆ ಗಂಟಲಿಳಿಯುತ್ತದೆ. ಮನೆಯ 200 ಮಿಲಿ ಸ್ಟೀಲ್ ಲೋಟದಲ್ಲಿ ಮುಕ್ಕಾಲು ಭಾಗ ಉರಾಕ್ ಇದ್ದರೆ ಅದರಲ್ಲಿ ಸುಮಾರು 18 ಗ್ರಾಂ ಮದ್ಯಸಾರ ಇರುತ್ತದೆ. 30 ಮಿಲಿ ವಿಸ್ಕಿಯಲ್ಲಿ ಇರುವುದು 10 ಗ್ರಾಂ. ಅಂದರೆ ಮೂರು ಲೋಟ ಸರಬತ್ತು ಕುಡಿದೆ ಎಂದುಕೊಂಡವನು ಐದು ಪೆಗ್ ದಾಟಿರುತ್ತಾನೆ. ಲಿವರ್‌ಗೆ ಗೇರುಹಣ್ಣು, ಬಾರ್ಲಿ ಎಂಬ ಭೇದ ತಿಳಿಯದು.

ತಂಪಿನ ಮಾತೂ ಅಷ್ಟೇ. ಮೂತ್ರದ ಮೂಲಕ ನೀರು ಹೆಚ್ಚು ಹೋಗದಂತೆ ತಡೆಯುವ ಹಾರ್ಮೋನನ್ನು ಮದ್ಯಸಾರ ಅದುಮುತ್ತದೆ. ಬೆವರಿನಲ್ಲೂ ನೀರು ಹೋಗುವ ದಿನಗಳಲ್ಲಿ ಇದು ಎರಡು ಕಡೆಯ ಸೋರಿಕೆ. ಮರುದಿನದ ತಲೆನೋವಿಗೆ ಈ ಸೋರಿಕೆಯೂ ಒಂದು ಕಾರಣ, ಅದಕ್ಕೆಂದು ಮೇಲಿಂದ ಮೇಲೆ ನುಂಗುವ ಪ್ಯಾರಾಸಿಟಮಾಲ್ ಲಿವರ್‌ಗೆ ಇನ್ನೊಂದು ಪೆಟ್ಟು.

ಡಾಕ್ಟರರನ್ನು ಹೆಚ್ಚು ಕಾಡುವುದು ಮಾತ್ರ ಬಾಟಲಿ. ಗೋವಾದ ಮದ್ಯವನ್ನು ಇಲ್ಲಿಯ ಸುಂಕ ಕಟ್ಟದೆ ತರುವುದು ಅಬಕಾರಿ ಅಪರಾಧ, ಅದನ್ನು ಕಣಕುಂಬಿ ಚೆಕ್‌ಪೋಸ್ಟಿನವರು ನೋಡಿಕೊಳ್ಳಲಿ. ಹಳೆಯ ನೀರಿನ ಬಾಟಲಿಯಲ್ಲಿ, ಚೀಟಿಯೂ ಇಲ್ಲದೆ ಬಂದದ್ದರಲ್ಲಿ ಏನಿದೆಯೆಂದು ಯಾರು ಹೇಳಬೇಕು? 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ಎರಡೂ ಕಡೆ ಕೊಂದದ್ದು ಮೆಥನಾಲ್. ನೋಡಿ, ಮೂಸಿ, ರುಚಿ ನೋಡಿ ಅದನ್ನು ಕಂಡುಹಿಡಿಯಲಾಗದು, ಲಿಂಬಿ-ಕೋಕಂ ಸೇರಿದ ಮೇಲಂತೂ ಕೇಳಲೇಬೇಡಿ. ಕುಡಿದು ಅರ್ಧ ದಿನ, ಒಂದು ದಿನದ ಮೇಲೆ ಕಣ್ಣು ಮಂಜಾದರೆ, ಉಸಿರು ಜೋರಾದರೆ ನಶೆ ಇಳಿದಿಲ್ಲ ಅನ್ನುತ್ತ ಮಲಗಿಸಬಾರದು, ನೇರ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟಾಗಿಯೂ ಕುಡಿಯುವವರು ವರ್ಷಕ್ಕೊಮ್ಮೆ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಲಿ. ರಿಪೋರ್ಟ್ ನಾರ್ಮಲ್ ಬಂದರೆ ಅದು ಲೈಸೆನ್ಸ್ ಅಲ್ಲ. ಕೊಬ್ಬು ತುಂಬಿದ ಲಿವರ್ ಎಷ್ಟೋ ಸಲ ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ, ಸ್ಕ್ಯಾನಿಂಗ್ ಬೇಕಾಗುತ್ತದೆ. ಆರೋಗ್ಯಕ್ಕೆ ಸುರಕ್ಷಿತವಾದ ಕುಡಿತದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಹೇಳಿಯಾಗಿದೆ.

ಪ್ರಶ್ನೆ: ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಮನೆಯಲ್ಲೇ ಮಾಡಿದ ಅಮೃತ ಕೋಕಂ ಕೊಡಬಹುದೇ? (ಖಾನಾಪುರ)

ಕೋಕಂ ಕೊಡಬಹುದು, ಅಮೃತ ಬೇಡ. ಹೋಳು ಮಾಡಿ ಬೀಜ ತೆಗೆದ ಕೋಕಂ ಒಳಗೆ ಸಕ್ಕರೆ ತುಂಬಿ, ಭರಣಿಗೆ ಹಾಕಿ ಬಿಸಿಲಿಗಿಟ್ಟಾಗ ಕೆಳಗಿಳಿಯುವ ಕೆಂಪು ಪಾಕದಲ್ಲಿ ಹಣ್ಣಿಗಿಂತ ಸಕ್ಕರೆಯೇ ಹೆಚ್ಚು. ಅದರ ಬದಲು ನಾಲ್ಕೈದು ಒಣ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಹಿಂಡಿ, ಹುರಿದ ಜೀರಿಗೆ ಪುಡಿ ಉದುರಿಸಿ ಕೊಡಲಿ. ಬಿ.ಪಿ. ಇರುವುದರಿಂದ ಉಪ್ಪಿಗೆ ಕೈ ಬಿಗಿ ಹಿಡಿಯಬೇಕು, ಒಣ ಸಿಪ್ಪೆಗೇ ಉಪ್ಪು ಹಾಕಿದ್ದರೆ ಒಮ್ಮೆ ತೊಳೆಯಬೇಕು. ಕೋಕಂ ಕುಡಿದರೆ ಸಕ್ಕರೆ ಇಳಿಯುತ್ತದೆಂದು ಯಾರಾದರೂ ಗುಳಿಗೆ ಬಿಡಿಸಿದರೆ ಅವರನ್ನೇ ಮನೆಯಿಂದ ಬಿಡಿಸುವುದು ಒಳ್ಳೆಯದು. ಪತ್ರದಲ್ಲಿ ಎಚ್‌ಬಿಎ1ಸಿ ಎಷ್ಟೆಂದು ಬರೆದಿಲ್ಲ. ಮೂರು ತಿಂಗಳಿಂದ ಮಾಡಿಸದಿದ್ದರೆ ಈ ವಾರವೇ ಮಾಡಿಸಲಿ, ಜೊತೆಗೆ ಕ್ರಿಯಾಟಿನಿನ್ ಕೂಡ.

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಮ್ಮ ಯಜಮಾನ್ರಿಗೆ ಕಿಡ್ನ್ಯಾಗ 8 ಮಿ.ಮೀ. ಹರಳು ಅದ. ಬಿಯರ್ ಕುಡಿದ್ರ ಕರಗಿ ಹೋಗ್ತದ ಅಂತ ದೋಸ್ತರು ಹೇಳ್ಯಾರ. ದಿನಾ ಸಂಜಿಕ ಕಲ್ಲಂಗಡಿ ರಸದಾಗ ಬಿಯರ್ ಕಲಿಸಿ ಕುಡೀಲಿಕ್ಕೆ ಹತ್ಯಾರ. ಬ್ಯಾನಿ ಕಡಿಮಿ ಆಗೇದ ಅಂತಾರ. ಖರೇ ಏನ್ರೀ? (ಶಹಾಪುರ, ಬೆಳಗಾವಿ)

ಖರೇ ಅಲ್ಲ. ಡಾಕ್ಟರರ ಸಿಟ್ಟು ನೆತ್ತಿಗೇರುವ ಮೂಢನಂಬಿಕೆಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಓದಿದವರು, ಇಂಜಿನಿಯರುಗಳು, ಮೇಷ್ಟ್ರುಗಳು ಕೂಡ ಇದನ್ನು ಸ್ಕ್ಯಾನ್ ರಿಪೋರ್ಟ್ ಕೈಯಲ್ಲಿ ಹಿಡಿದೇ ಕೇಳುತ್ತಾರೆ.

ಬಹುಪಾಲು ಹರಳುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಬಿಯರ್ ಆಗಲಿ, ಬಾಳೆದಿಂಡಿನ ರಸವಾಗಲಿ ಇವನ್ನು ಕರಗಿಸದು. ಔಷಧಿಗೆ ಕರಗುವಂಥವು ಯೂರಿಕ್ ಆಸಿಡ್ ಹರಳುಗಳು, ಬಿಯರ್ ಆ ಯೂರಿಕ್ ಆಸಿಡನ್ನೇ ಏರಿಸುತ್ತದೆ! ಮೂತ್ರ ಜೋರಾಗಿ ಬಂದು ಹರಳನ್ನು ತಳ್ಳುತ್ತದೆ ಎಂಬ ವಾದವೂ ನಿಲ್ಲದು. 5 ಮಿ.ಮೀ. ಒಳಗಿನ ಹರಳು ಹೆಚ್ಚಾಗಿ ತಾನಾಗಿ ಜಾರುತ್ತದೆ, ಆ ಯಶಸ್ಸನ್ನು ಬಿಯರ್ ತನ್ನ ಖಾತೆಗೆ ಹಾಕಿಕೊಳ್ಳುತ್ತದೆ. 8 ಮಿ.ಮೀ. ಹರಳು ಮೂತ್ರನಾಳಕ್ಕೆ ಇಳಿದು ಅಡ್ಡ ಕೂತರೆ ಮೇಲಿನಿಂದ ಮೂತ್ರ ತಳ್ಳಿದಷ್ಟೂ ಕಿಡ್ನಿ ಊದುತ್ತದೆ. ಸಂಜೆ ಬಿಯರ್ ಕುಡಿದರೆ ಬೆಳಗಾಗುವ ಹೊತ್ತಿಗೆ ದೇಹ ಒಣಗಿ ಮೂತ್ರ ಗಟ್ಟಿಯಾಗಿರುತ್ತದೆ, ಹರಳು ಬೆಳೆಯಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ನೋವು ಕಡಿಮೆಯಾಗಿದೆ ಎಂಬ ಮಾತೇ ಪತ್ರದಲ್ಲಿ ಎಲ್ಲಕ್ಕಿಂತ ಹೆದರಿಕೆಯದ್ದು. ಹರಳು ಹೋಗಿದ್ದರೂ ನೋವು ನಿಲ್ಲುತ್ತದೆ, ಹರಳು ಅಲ್ಲೇ ಕೂತು ಕಿಡ್ನಿ ಸದ್ದಿಲ್ಲದೆ ಸೋಲುತ್ತಿದ್ದರೂ ನಿಲ್ಲುತ್ತದೆ. ಯಾವುದೆಂದು ಹೇಳುವುದು ಸ್ಕ್ಯಾನ್, ದೋಸ್ತರಲ್ಲ. ನಾಳೆಯೇ ಹೊಟ್ಟೆಯ ಸ್ಕ್ಯಾನಿಂಗ್, ಕ್ರಿಯಾಟಿನಿನ್, ಮೂತ್ರದ ಕಲ್ಚರ್ ಆಗಬೇಕು. ಬಿಮ್ಸ್ ಇದೆ, ಕೆಎಲ್‌ಇ ಇದೆ, ದೂರದ ನೆಪ ಬೆಳಗಾವಿಯವರಿಗಿಲ್ಲ. ಹರಳಿನ ಜೊತೆ ಚಳಿ-ಜ್ವರ ಬಂದರೆ ನಾಳೆಯವರೆಗೂ ಕಾಯಬಾರದು. ಹರಳು ಹೊರಬಿದ್ದರೆ ಎಸೆಯದೆ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಕೊಡಬೇಕು, ಮುಂದಿನ ಪಥ್ಯ ಅದರ ಮೇಲೆ ನಿಂತಿದೆ.

ಇನ್ನು ಕಲ್ಲಂಗಡಿ. ಪಾಪ, ಅದರದ್ದೇನೂ ತಪ್ಪಿಲ್ಲ. ಯಜಮಾನರಿಗೆ ಲಿಂಬಿರಸ ಬೆರೆಸಿ ಬರೇ ಕಲ್ಲಂಗಡಿ ಕೊಡಿ ಎಂದು ಡಾಕ್ಟರರ ಶಿಫಾರಸು. ಲಿಂಬಿಯ ಸಿಟ್ರೇಟ್ ಹರಳು ಕಟ್ಟುವುದನ್ನು ತಡೆಯುತ್ತದೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು.

ಪ್ರಶ್ನೆ: 9 ವರ್ಷದ ಮಗ ಜಾತ್ರೆಯಲ್ಲಿ ಬರ್ಫದ ಗೋಲಾ ತಿಂದು ಬಂದ ಮೇಲೆ ವಾಂತಿ-ಭೇದಿ ಶುರುವಾಯಿತು. ಅಂಗಡಿಯಿಂದ ಹಣ್ಣಿನ ರುಚಿಯ ಪೊಟ್ಟಣದ ಪಾನೀಯ ತಂದು ಕೊಟ್ಟೆ, ಕಡಿಮೆಯಾಗಲಿಲ್ಲ. (ನಂದಗಡ)

ಕಡಿಮೆಯಾಗುವುದು ಹೇಗೆ? ಹಣ್ಣಿನ ಚಿತ್ರವಿರುವ ಇಂಥ ಪೊಟ್ಟಣಗಳಲ್ಲಿ ಅನೇಕವು ಅತಿ ಸಿಹಿ, ಆ ಸಕ್ಕರೆಯೇ ಕರುಳಿಗೆ ನೀರೆಳೆದು ಭೇದಿ ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ತಡೆ ಹಾಕಿತು. ಮೆಡಿಕಲ್ ಅಂಗಡಿಯಲ್ಲಿ ಆ ಸೂತ್ರದ ಓಆರ್‌ಎಸ್ ಪುಡಿ ಎಂದು ಕೇಳಿ ತಂದು, ಒಂದು ಲೀಟರ್ ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಹಾಕಬೇಕು. ಅದು ಸಿಗದ ಹೊತ್ತಿನಲ್ಲಿ ಒಂದು ಲೀಟರ್ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನಬೀಸ್ ಸಾವಿರಾರು ಜೀವ ಉಳಿಸಿದ್ದು ಇಂಥದ್ದೇ ಉಪ್ಪು-ಸಕ್ಕರೆ ನೀರಿನಿಂದ.

ಆರು ತಾಸು ಮೂತ್ರವಾಗದಿದ್ದರೆ, ಹುಡುಗ ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಖಾನಾಪುರದ ತಾಲೂಕು ಆಸ್ಪತ್ರೆಗೆ ಹೊರಡಬೇಕು. ಜ್ವರ ಮೂರು ದಿನ ದಾಟಿದರೆ ಟೈಫಾಯ್ಡ್ ಪತ್ತೆಗೆ ಬರೀ ವಿಡಾಲ್ ಟೆಸ್ಟ್ ನೆಚ್ಚಬಾರದು, ಆ್ಯಂಟಿಬಯೋಟಿಕ್ ಶುರುಮಾಡುವ ಮೊದಲೇ ಬ್ಲಡ್ ಕಲ್ಚರ್‌ಗೆ ರಕ್ತ ಕೊಡಬೇಕು. ಬರ್ಫದ ಬಗ್ಗೆ ಒಂದು ಮಾತು: ಮೀನಿನ ಪೆಟ್ಟಿಗೆಗೆ ಹೋಗುವ ಬರ್ಫವೂ ಗೋಲಾ ಗಾಡಿಗೆ ಬರುವ ಬರ್ಫವೂ ಒಂದೇ ಗೋಣಿಯಲ್ಲಿ ಬರುವುದನ್ನು ಡಾಕ್ಟರರು ಕಣ್ಣಾರೆ ಕಂಡಿದ್ದಾರೆ.

ಪ್ರಶ್ನೆ: ಕವಳಿಹಣ್ಣು, ಸಕ್ಕರೆ, ಯೀಸ್ಟ್ ಹಾಕಿ ಮನೆಯಲ್ಲಿ ವೈನ್ ಮಾಡಬಹುದೇ? (ಜಾಂಬೋಟಿ)

ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸಲು ಕಾನೂನು ಬಿಡುವುದಿಲ್ಲ. ಬಿಗಿ ಮುಚ್ಚಿದ ಗಾಜಿನ ಭರಣಿ ಒಳಗಿನ ಗಾಳಿಯ ಒತ್ತಡಕ್ಕೆ ಸಿಡಿದು ಗಾಜು ಕಣ್ಣಿಗೆ ಹೊಕ್ಕರೆ ಅದನ್ನು ತೆಗೆಯುವುದು ಈ ಅಂಕಣದ ಕೈಲಾಗದ ಕೆಲಸ. ಕವಳಿಯನ್ನು ಸರಬತ್ತು ಮಾಡಲಿ, ಉಪ್ಪಿನಕಾಯಿ ಹಾಕಲಿ. ಪತ್ರದ ಕೊನೆಗೆ ಸಣ್ಣಕ್ಷರದಲ್ಲಿ, ಎರಡು ವಾರದಿಂದ ಊಟ ಸೇರುತ್ತಿಲ್ಲ, ಮೂತ್ರ ಹಳದಿ ಬರುತ್ತಿದೆ ಎಂದೂ ಬರೆದಿದ್ದಾರೆ. ವೈನ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದಾಗಿತ್ತು. ಬಿಲಿರುಬಿನ್, ಎಸ್‌ಜಿಪಿಟಿ, ಹೆಪಟೈಟಿಸ್ ಎ, ಬಿ, ಸಿ, ಇ ಪರೀಕ್ಷೆ ಮಾಡಿಸಿ ರಿಪೋರ್ಟ್ ಹಿಡಿದು ಹತ್ತಿರದ ಡಾಕ್ಟರರನ್ನು ಕಾಣಬೇಕು, ಅಲ್ಲಿಯವರೆಗೆ ಹನಿ ಮದ್ಯವೂ ಬೇಡ.