ಹಿಂಬೆಳಕು ಆರಿದ ದೂರದರ್ಶನ

ತೊಗಲುಗೊಂಬೆಯ ಆಟವನ್ನು ನೋಡಿದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ತಿಳಿದಿದೆ ಎನ್ನಬಹುದು. ಬಿಳಿಯ ತೆರೆ, ಅದರ ಹಿಂದೆ ಬಣ್ಣ ಬಳಿದ ತೊಗಲಿನ ಗೊಂಬೆ, ಗೊಂಬೆಯ ಹಿಂದೆ ದೀಪ. ಬೆಳಕು ತೊಗಲನ್ನು ಹಾಯ್ದು ಬಂದಾಗ ರಾವಣನ ಹತ್ತು ತಲೆಗಳೂ ಬಣ್ಣಬಣ್ಣವಾಗಿ ತೋರುತ್ತವೆ. ನಡುವೆ ಗಾಳಿ ಬೀಸಿ ದೀಪ ಆರಿತೆನ್ನಿ. ಗೊಂಬೆ ಕುಣಿಯುತ್ತಲೇ ಇರುತ್ತದೆ, ಹಾಡೂ ನಿಂತಿರುವುದಿಲ್ಲ. ನೋಡುವವರ ಮುಂದೆ ಮಾತ್ರ ಕತ್ತಲೆ. ಇಂದು ನಮ್ಮ ಮನೆಗಳಲ್ಲಿರುವ ಚಪ್ಪಟೆ ತೆರೆಯ ದೂರದರ್ಶನ ಯಂತ್ರಗಳಲ್ಲಿ ಬಹುಪಾಲಿಗೆ ಸಂಭವಿಸುವ ಒಂದು ಸಾಮಾನ್ಯ ಕೇಡು ಇದೇ ಬಗೆಯದು.

ಎಲ್.ಸಿ.ಡಿ. ತೆರೆಯು ತಾನಾಗಿ ಬೆಳಗುವುದಿಲ್ಲ. ಎರಡು ಗಾಜಿನ ಹಾಳೆಗಳ ನಡುವೆ ದ್ರವಸ್ಫಟಿಕದ ಒಂದು ತೆಳುಪದರವಿರುತ್ತದೆ. ದ್ರವದಂತೆ ಹರಿಯುತ್ತಲೇ ಸ್ಫಟಿಕದಂತೆ ಅಣುಗಳನ್ನು ಒಂದು ಕ್ರಮದಲ್ಲಿ ನಿಲ್ಲಿಸಿಕೊಳ್ಳುವ ಈ ವಿಚಿತ್ರ ಸ್ಥಿತಿಯನ್ನು 1888ರಲ್ಲಿ ಬೆಳಕಿಗೆ ತಂದವನು ಫ್ರೀಡ್ರಿಖ್ ರೈನಿಟ್ಸರ್ ಎಂಬ ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ. ನಮ್ಮ ನಾಡಿಗೂ ಈ ವಿಷಯಕ್ಕೂ ನಂಟುಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಬಳಿಕ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದ ಎಸ್. ಚಂದ್ರಶೇಖರ್ ಅವರು 1977ರಲ್ಲಿ ಸಂಗಡಿಗರೊಡನೆ ತಟ್ಟೆಯಾಕಾರದ ಅಣುಗಳುಳ್ಳ ದ್ರವಸ್ಫಟಿಕಗಳನ್ನು ಕಂಡುಹಿಡಿದರು. ಇರಲಿ. ವಿದ್ಯುತ್ತಿನ ಒತ್ತಡ ಬದಲಾದಂತೆ ತೆರೆಯ ಅಣುಗಳು ಹೊರಳುತ್ತವೆ. ಹಿಂದಿನಿಂದ ಬರುವ ಬೆಳಕು ಅದಕ್ಕೆ ತಕ್ಕಂತೆ ಹಾಯುತ್ತದೆ, ಇಲ್ಲವೆ ತಡೆಯಲ್ಪಡುತ್ತದೆ. ಅಂದರೆ ಇವು ಗೊಂಬೆಗಳು, ದೀಪ ಬೇರೆ. ಮೊದಮೊದಲು ಆ ದೀಪ ಟ್ಯೂಬ್‌ಲೈಟಿನ ಜಾತಿಯ ಸಣ್ಣ ಕೊಳವೆಯಾಗಿತ್ತು, ಈಗ ಎಲ್.ಇ.ಡಿ.ಗಳನ್ನು ಕೂಡಿಸಿದ ಪಟ್ಟಿ. ಅಂಗಡಿಯವರು ‘ಎಲ್.ಇ.ಡಿ. ಟಿ.ವಿ.’ ಎಂದು ಮಾರುವುದು ಬಹುಮಟ್ಟಿಗೆ ಎಲ್.ಸಿ.ಡಿ.ಯನ್ನೇ. ಓ.ಎಲ್.ಇ.ಡಿ. ಎಂಬುದರಲ್ಲಿ ಮಾತ್ರ ಒಂದೊಂದು ಬಿಂದುವೂ ತಾನೇ ಬೆಳಗುವುದರಿಂದ ಇಲ್ಲಿನ ಮಾತು ಅದಕ್ಕೆ ಅನ್ವಯಿಸದು.

ರಜೆಯ ದಿನಗಳಲ್ಲಿ ನಾನು ನಮ್ಮೂರಿನ ರಿಪೇರಿ ಅಂಗಡಿಯೊಂದರಲ್ಲಿ ಕುಳಿತು ಈ ಕೆಲಸವನ್ನು ಕಲಿತವನು. ಹೋದ ಬೇಸಗೆಯಲ್ಲಿ ನಮ್ಮ ಬೀದಿಯ ದರ್ಜಿಯವರು 32 ಅಂಗುಲದ ಯಂತ್ರವೊಂದನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತಂದರು. ಮಾತು ಕೇಳುತ್ತದೆ, ಚಿತ್ರವಿಲ್ಲ. ಬೇರೊಬ್ಬರು ಅದನ್ನು ನೋಡಿ, ‘ಪ್ಯಾನೆಲ್ ಹೋಗಿದೆ, ಹೊಸದನ್ನೇ ಕೊಳ್ಳಿ’ ಎಂದು ತೀರ್ಪಿತ್ತಿದ್ದರಂತೆ. ಖಾತರಿಯ ಅವಧಿ ಮುಗಿದು ತಿಂಗಳಾಗಿತ್ತು. ಸಾಲದ ಕಂತು ಮಾತ್ರ ಮುಗಿದಿರಲಿಲ್ಲ. ಪ್ಯಾನೆಲಿನ ಬೆಲೆ ಹೊಸ ಯಂತ್ರದ ಬೆಲೆಯ ಸಮೀಪಕ್ಕೇ ಬರುವುದರಿಂದ ‘ಪ್ಯಾನೆಲ್ ಹೋಗಿದೆ’ ಎಂದರೆ ‘ಎಸೆಯಿರಿ’ ಎಂದೇ ಅರ್ಥ. ಅಷ್ಟು ಭಾರವಾದ ಮಾತನ್ನು ಪರೀಕ್ಷಿಸದೆ ಆಡಬಾರದೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಪರೀಕ್ಷೆ ಬಲು ಸುಲಭ.

ಕೋಣೆಯನ್ನು ಕತ್ತಲು ಮಾಡಿ ಯಂತ್ರವನ್ನು ನಡೆಸಬೇಕು. ಪ್ರಖರವಾದ ಒಂದು ಟಾರ್ಚನ್ನು ತೆರೆಗೆ ತೀರ ಹತ್ತಿರ, ಓರೆಯಾಗಿ ಹಿಡಿದು ನೋಡಬೇಕು. ದರ್ಜಿಯವರ ಯಂತ್ರದಲ್ಲಿ ಹೀಗೆ ನೋಡಿದಾಗ ಬೆಳಕು ಬಿದ್ದಷ್ಟು ಜಾಗದಲ್ಲಿ ವಾರ್ತೆ ಓದುವವರ ಮುಖ ನೆರಳಿನಂತೆ ಕಂಡಿತು, ತುಟಿಗಳು ಅಲುಗುತ್ತಿದ್ದವು. ಅಲ್ಲಿಗೆ ಗೊಂಬೆ ಜೀವಂತವಾಗಿದೆ, ದೀಪ ಆರಿದೆ ಎಂದು ಸಿದ್ಧವಾಯಿತು. ಗುಂಡಿಯೊತ್ತಿದ ಕೂಡಲೆ ತೆರೆ ಒಂದು ಕ್ಷಣ ಮಿಂಚಿ ಕತ್ತಲಾಗುವುದು ಇನ್ನೊಂದು ಕುರುಹು. ಟಾರ್ಚಿನ ಬೆಳಕಿನಲ್ಲೂ ಏನೂ ಕಾಣದಿದ್ದರೆ ದೋಷವನ್ನು ಬೇರೆ ಕಡೆ ಹುಡುಕಬೇಕು.

ಇಷ್ಟನ್ನು ಯಾರೂ ಮಾಡಬಹುದು. ಹಿಂಬದಿಯ ಮುಚ್ಚಳವನ್ನು ಬಿಚ್ಚುವುದು ಮಾತ್ರ ಕಲಿತವರ ಕೆಲಸ. ಮನೆಯ 230 ವೋಲ್ಟು ವಿದ್ಯುತ್ತು ಏಕಮುಖವಾಗಿ ಪರಿವರ್ತನೆಗೊಂಡಾಗ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟು ತುಂಬಿಕೊಳ್ಳುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಅದು ಉಳಿದಿರಬಹುದು. ನಮ್ಮ ಅಂಗಡಿಯಲ್ಲಿ ಹಳೆಯ ತಂತಿಬಲ್ಬೊಂದನ್ನು ಅದರ ಎರಡು ತುದಿಗಳಿಗೆ ತಾಗಿಸಿ ಬರಿದು ಮಾಡಿ, ಮೀಟರಿನಿಂದ ಅಳೆದು ನೋಡಿದ ಮೇಲೆಯೇ ಕೈಯಿಡುವುದು.

ಒಂದು ದೀಪ ಕೆಟ್ಟರೆ ಇಡೀ ತೆರೆ ಏಕೆ ಕತ್ತಲಾಗಬೇಕು? ಗಣೇಶನ ಮಂಟಪದ ಹಳೆಯ ಸೀರಿಯಲ್ ಬಲ್ಬುಗಳನ್ನು ನೆನೆಯಿರಿ. ಅಲ್ಲಿಯೂ ಒಂದು ಬಲ್ಬು ಹೋದರೆ ಸಾಲಿಗೆ ಸಾಲೇ ಆರುತ್ತಿತ್ತು. ಈ ಯಂತ್ರದಲ್ಲಿ ಎರಡು ಪಟ್ಟಿಗಳು, ಪಟ್ಟಿಗೆ 6 ದೀಪ, ದೀಪಕ್ಕೆ 3 ವೋಲ್ಟು. ಎಲ್ಲವೂ ಒಂದೇ ಸರಣಿ, ಒಟ್ಟು 36 ವೋಲ್ಟು. ಪಟ್ಟಿಯ ಕನೆಕ್ಟರಿನಲ್ಲಿ ಮೀಟರಿಟ್ಟು ಯಂತ್ರವನ್ನು ನಡೆಸಿದಾಗ ಮುಳ್ಳು 36ನ್ನೂ ದಾಟಿ 50ರ ಆಸುಪಾಸಿಗೆ ಏರಿ, ಒಡನೆಯೇ 12ಕ್ಕೆ ಇಳಿಯಿತು. ಇದರ ಅರ್ಥ ಸ್ವಾರಸ್ಯವಾದದ್ದು. ದೀಪಗಳಿಗೆ ವಿದ್ಯುತ್ತನ್ನು ಒದಗಿಸುವ ಮಂಡಲವು ನಿಗದಿಯಾದಷ್ಟು ಪ್ರವಾಹವನ್ನು ಹರಿಸಲು ಹೆಣಗುತ್ತದೆ. ದಾರಿ ಕಡಿದಿರುವುದರಿಂದ ಹರಿಯದು. ಒತ್ತಡವನ್ನು ಏರಿಸುತ್ತ ಹೋಗಿ, ಅಪಾಯದ ಮಟ್ಟ ಮುಟ್ಟಿದಾಗ ತನ್ನ ರಕ್ಷಣೆಗೆ ತಾನೇ ನಿಂತುಬಿಡುತ್ತದೆ. ಹಾಗಾಗಿ ಮಂಡಲ ಸರಿಯಿದೆ, ಸರಣಿ ತುಂಡಾಗಿದೆ. ಮುಳ್ಳು ಏಳದೆಯೇ ಇದ್ದಿದ್ದರೆ ಸಂಶಯ ಮಂಡಲದ ಮೇಲೆ, ಇಲ್ಲವೆ ಅದಕ್ಕೆ ಅಪ್ಪಣೆ ಕೊಡುವ ಮುಖ್ಯಫಲಕದ ಮೇಲೆ ಹೋಗುತ್ತಿತ್ತು.

ಪಟ್ಟಿಗಳು ಗಾಜಿನ ಹಿಂದೆ ಇರುವುದರಿಂದ ಗಾಜನ್ನು ತೆಗೆಯದೆ ವಿಧಿಯಿಲ್ಲ. ಇಡೀ ಕೆಲಸದಲ್ಲಿ ಎದೆ ಡವಗುಟ್ಟುವ ಘಟ್ಟ ಇದೊಂದೇ. ಹಪ್ಪಳದಷ್ಟು ತೆಳುವಾದ ಗಾಜು. ಅದರ ಅಂಚಿಗೆ ಅಂಟಿದ ರಿಬ್ಬನ್ನುಗಳಲ್ಲಿ ಒಂದು ಹರಿದರೂ ಆ ಮೊದಲಿನ ತೀರ್ಪು ನಿಜವಾಗಿಬಿಡುತ್ತದೆ. ಇಬ್ಬರು ನಾಲ್ಕು ಮೂಲೆ ಹಿಡಿದು, ಮಾತಾಡದೆ ಎತ್ತಿ, ಸಮತಟ್ಟಾದ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಇಟ್ಟೆವು. ಕೆಳಗಿನ ಬಿಳಿಹಾಳೆಗಳನ್ನು ಇದ್ದ ಕ್ರಮದಲ್ಲಿಯೇ ತೆಗೆದಿಟ್ಟೆವು. ಅವುಗಳ ಮೇಲೆ ಬೆರಳಿನ ಗುರುತು ಬಿದ್ದರೂ ಚಿತ್ರದಲ್ಲಿ ಕಲೆಯಾಗಿ ಕಾಣುವುದುಂಟು.

ದೀಪಗಳ ಪರೀಕ್ಷೆಗೆ 9 ವೋಲ್ಟಿನ ಒಂದು ಬ್ಯಾಟರಿ, 1000 ಓಮಿನ ಒಂದು ರೋಧಕ ಸಾಕು. ದೀಪಕ್ಕೆ 3 ವೋಲ್ಟು ಹೋಗಿ ಉಳಿದ 6 ವೋಲ್ಟು ರೋಧಕದ ಮೇಲೆ ಬೀಳುವುದರಿಂದ ಹರಿಯುವ ಪ್ರವಾಹ 6 ಮಿಲಿ ಆಂಪಿಯರು. ದೀಪ ಬೆಳಗುತ್ತದೆ, ಸುಡುವುದಿಲ್ಲ. ಧನ-ಋಣಗಳನ್ನು ಸರಿಯಾಗಿ ಹಿಡಿಯಬೇಕು, ಅಷ್ಟೆ. ಒಂದೊಂದಾಗಿ ಮುಟ್ಟಿಸುತ್ತ ಬಂದಾಗ ಹನ್ನೊಂದು ಬೆಳಗಿದವು. ಎರಡನೆಯ ಪಟ್ಟಿಯ ನಾಲ್ಕನೆಯದು ಬೆಳಗಲಿಲ್ಲ. ಅದರ ಲೆನ್ಸನ್ನು ತೆಗೆದರೆ ನಡುವೆ ಸಾಸಿವೆ ಗಾತ್ರದ ಕಪ್ಪು ಚುಕ್ಕೆ. ಯಂತ್ರವನ್ನು ಮೂಲೆಗೆ ತಳ್ಳಿಸಿದ್ದು ಆ ಚುಕ್ಕೆ!

ಅದೊಂದನ್ನೇ ಬದಲಿಸಿದರೆ ಸಾಲದೆ ಎಂದು ದರ್ಜಿಯವರು ಕೇಳಿದರು. ಕೇಳುವುದು ನ್ಯಾಯವೇ. ಆದರೆ ಉಳಿದ ಹನ್ನೊಂದೂ ಅದೇ ಶಾಖದಲ್ಲಿ ಅಷ್ಟೇ ಹೊತ್ತು ಬೆಂದವು. ಇನ್ನೊಂದು ಸತ್ತಾಗ ಗಾಜನ್ನು ಮತ್ತೆ ಎತ್ತಬೇಕು. ದೀಪಗಳ ಎಣಿಕೆ, ವೋಲ್ಟು, ಉದ್ದ ಮೂರೂ ಹೊಂದುವ ಹೊಸ ಪಟ್ಟಿಗಳೆರಡನ್ನು ತರಿಸಿ ಹಾಕಿದೆವು. ಅವುಗಳ ಬೆಲೆ ಹೊಸ ಯಂತ್ರದ ಬೆಲೆಯ ಹತ್ತನೆಯ ಒಂದು ಪಾಲೂ ಆಗಲಿಲ್ಲ.

ಈ ದೀಪಗಳ ಶತ್ರು ಶಾಖ. ಶಾಖ ಹೆಚ್ಚುವುದು ಪ್ರವಾಹದಿಂದ. ಅನೇಕ ಯಂತ್ರಗಳಲ್ಲಿ ಹಿಂಬೆಳಕನ್ನು ಅತಿ ಹೆಚ್ಚಿನ ಮಟ್ಟದಲ್ಲಿರಿಸಿ ಮಾರುತ್ತಾರೆ, ಅಂಗಡಿಯಲ್ಲಿ ಕಣ್ಣು ಸೆಳೆಯಲೆಂದು ತೋರುತ್ತದೆ. ‘ಬ್ರೈಟ್‌ನೆಸ್’ ಎಂಬ ಗುಂಡಿಯನ್ನು ತಗ್ಗಿಸಿದರೆ ಹಲವು ಯಂತ್ರಗಳಲ್ಲಿ ಗೊಂಬೆ ಮಸುಕಾಗುವುದೇ ಹೊರತು ದೀಪ ಇಳಿಯದು. ‘ಬ್ಯಾಕ್‌ಲೈಟ್’ ಎಂಬುದನ್ನು ಹುಡುಕಿ ತಗ್ಗಿಸಬೇಕು. ನಾನು 100ರಿಂದ 60ಕ್ಕೆ ಇಳಿಸಿ ಕಳುಹಿಸಿದೆ. ಮೊದಲಿನ ಝಗಝಗವಿಲ್ಲವೆಂದು ದರ್ಜಿಯವರ ಮನೆಯ ಹುಡುಗರು ಎರಡು ಸಲ ಬಂದು ಆಕ್ಷೇಪಿಸಿದರು. ಏರಿಸಿ ಕೊಡಬಾರದೆಂದು ದರ್ಜಿಯವರು ನನಗೆ ಮೊದಲೇ ಹೇಳಿಟ್ಟಿದ್ದರು.