ಮೂರೂವರೆ ತಿಂಗಳ ಕೂಲಿ, ಹನ್ನೆರಡು ತಿಂಗಳ ಸಂಸಾರ

ಕೊರೊನಾ ಕಾಲದಲ್ಲಿ ಕೆಲಸ ಕಳೆದುಕೊಂಡ ಲಕ್ಷಾಂತರ ಜನರಲ್ಲಿ ನಾನೂ ಒಬ್ಬ. ಮೈಸೂರಿನ ಒಂದು ಮಳಿಗೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಳಿಗೆ ಮುಚ್ಚಿತು. ಗುಂಡ್ಲುಪೇಟೆ ತಾಲ್ಲೂಕಿನ ನಮ್ಮೂರಿಗೆ ವಾಪಸಾದೆ. ಒಂದೂವರೆ ಎಕರೆ ಮಳೆಯಾಶ್ರಿತ ಜಮೀನು ಮತ್ತು ಅಮ್ಮ, ಇಷ್ಟೇ ನನ್ನ ಪಾಲಿಗಿದ್ದದ್ದು. 2022ರ ಜನವರಿಯಲ್ಲಿ ಬಂಡೀಪುರದ ಕಾಡಿನಲ್ಲಿ ಬೇಸಿಗೆ ಮುಗಿಯುವವರೆಗೆ ಬೆಂಕಿ ಕಾವಲಿಗೆ ಜನ ಬೇಕು ಎಂದು ತಿಳಿಯಿತು. ತಿಂಗಳಿಗೆ 12,000 ರೂಪಾಯಿ ಕೂಲಿ. ಕಾಡಿನಲ್ಲಿ ಖರ್ಚೇನಿದೆ, ಅಷ್ಟೂ ಉಳಿಯುತ್ತದೆ ಎಂದುಕೊಂಡು ಜನವರಿ 20ರಂದು ಸೇರಿದೆ.

ಹತ್ತು ವರ್ಷ ಬೇರೆಯವರ ಲೆಕ್ಕ ಬರೆದಿದ್ದ ನಾನು ನನ್ನ ಲೆಕ್ಕದಲ್ಲಿ ಅಂದು ಒಂದು ದೊಡ್ಡ ತಪ್ಪು ಮಾಡಿದೆ. ಋತುಮಾನದ ಕೆಲಸಕ್ಕೆ ಹೋಗುವ ಬಹುತೇಕರು ಮಾಡುವ ತಪ್ಪು ಅದೇ. ಅದಕ್ಕಾಗಿಯೇ ಈ ವಾರ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಕೆಲಸ ಎಂಥದ್ದು ಎಂದು ಹೇಳಬೇಕು. ಬಂಡೀಪುರ 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಒಂದು. ಎಂಟುನೂರ ಎಪ್ಪತ್ತು ಚದರ ಕಿಲೋಮೀಟರಿಗೂ ಮಿಕ್ಕಿದ ವಿಸ್ತಾರ, ಅದರಲ್ಲಿ ಬಹುಪಾಲು ಎಲೆ ಉದುರಿಸುವ ಒಣ ಕಾಡು. ಫೆಬ್ರವರಿ ಹೊತ್ತಿಗೆ ತೇಗ, ಮತ್ತಿ, ದಿಂಡಿಗದ ಮರಗಳು ಬೋಳಾಗಿ ನೆಲದ ತುಂಬ ತರಗೆಲೆ ಬಿದ್ದಿರುತ್ತದೆ. ಎಲ್ಲೆಲ್ಲೂ ಹಬ್ಬಿದ ಲಂಟಾನ ಒಣಗಿ ಸೌದೆಯಂತೆ ನಿಂತಿರುತ್ತದೆ. ಒಂದು ಬೀಡಿಯ ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಸಾವಿರಾರು ಎಕರೆ ಸುಟ್ಟುಹೋದದ್ದನ್ನು ನಮ್ಮ ಕಡೆಯ ಯಾರೂ ಮರೆತಿಲ್ಲ. ಊರಿನಿಂದಲೇ ಹೊಗೆ ಕಾಣುತ್ತಿತ್ತು.

ಬೆಂಕಿ ಬಾರದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ. ದಾರಿಯ ಎರಡೂ ಬದಿ ಹುಲ್ಲು, ಪೊದೆ ಸವರಿ ಒಣಗಲು ಬಿಟ್ಟು, ಗಾಳಿ ಇಲ್ಲದ ಹೊತ್ತು ನೋಡಿ ಅದನ್ನು ನಾವೇ ಸುಡುತ್ತೇವೆ. ಹಾಗೆ ಬೋಳಾದ ಪಟ್ಟಿಯೇ ಬೆಂಕಿ ರೇಖೆ, ಎಲ್ಲರ ಬಾಯಲ್ಲಿ ಫೈರ್ ಲೈನ್. ಒಂದು ಕಡೆ ಹತ್ತಿದ ಬೆಂಕಿ ಆ ಪಟ್ಟಿ ದಾಟಿ ಇನ್ನೊಂದು ಕಡೆಗೆ ಹೋಗಬಾರದು. ಆದರೆ ಒಮ್ಮೆ ಮಾಡಿದರೆ ಮುಗಿಯುವ ಕೆಲಸವಲ್ಲ. ಇವತ್ತು ಗುಡಿಸಿದ ಜಾಗಕ್ಕೆ ನಾಳೆ ಮತ್ತೆ ಎಲೆ ಉದುರುತ್ತದೆ, ಮತ್ತೆ ಗುಡಿಸಬೇಕು. ಮಧ್ಯಾಹ್ನ ಗಾಳಿ ಎದ್ದಾಗ ಅಟ್ಟಣೆ ಹತ್ತಿ ಹೊಗೆ ಕಾಣುತ್ತದೆಯೇ ಎಂದು ನೋಡುತ್ತಿರಬೇಕು. ಬೆಂಕಿ ಬಿದ್ದೇ ಬಿಟ್ಟರೆ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿಯುವುದು. ಮುಖಕ್ಕೆ ಝಳ ಹೊಡೆಯುತ್ತದೆ, ರೆಪ್ಪೆಯ ಕೂದಲು ಸುಟ್ಟ ವಾಸನೆ ಬರುತ್ತದೆ, ಕಾಲಡಿಯ ಬೂದಿಯಲ್ಲಿ ಇನ್ನೂ ಕೆಂಡವಿರುತ್ತದೆ. ಮೊದಲ ವಾರವೇ ನನ್ನ ಕ್ಯಾನ್ವಾಸ್ ಶೂವಿನ ಅಡಿ ಕರಗಿತು. ಒಳ್ಳೆಯ ಶೂ, ಟಾರ್ಚು, ಮೈ ಮುಚ್ಚುವ ದಪ್ಪ ಬಟ್ಟೆ ಎಂದು 1,750 ರೂಪಾಯಿ ಖರ್ಚಾಯಿತು. ಕೈಗೆ ಒಂದು ರೂಪಾಯಿ ಕೂಲಿ ಬರುವ ಮೊದಲೇ ಆದ ಖರ್ಚು ಇದು.

ಈಗ ಹಣದ ಮಾತು.

ಕೂಲಿ ಜಮೆಯಾಗಲು ನಾನು ಕೊಟ್ಟದ್ದು ಕಾಲೇಜು ದಿನಗಳ ಹಳೆಯ ಪಾಸ್‌ಬುಕ್ಕು. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿತ್ತು. ಪುಸ್ತಕದಲ್ಲಿ ಅಚ್ಚಾಗಿದ್ದ ಐಎಫ್‌ಎಸ್‌ಸಿ ಕೋಡ್ ಯಾವಾಗಲೋ ರದ್ದಾಗಿತ್ತು. ನಾನು ವಿಚಾರಿಸಲಿಲ್ಲ. ಹಾಕಿದ ಹಣ ಮರಳಿ ಹೋಯಿತು. ನಮ್ಮ ಶಿಬಿರದಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ್ದರಿಂದ ನನಗೆ ಅದರ ಸುದ್ದಿಯೂ ಮುಟ್ಟಲಿಲ್ಲ. ಊರಿಗೆ ಬಂದು ಶಾಖೆಗೆ ಹೋಗಿ, ಹೊಸ ಪಾಸ್‌ಬುಕ್ಕು ಬರೆಸಿ, ಅದರ ಪ್ರತಿ ಕೊಟ್ಟು, ಎರಡು ತಿಂಗಳ 24,000 ರೂಪಾಯಿ ಒಟ್ಟಿಗೆ ಕೈಸೇರುವಾಗ ಮಾರ್ಚ್ ಕೊನೆ.

ಅಷ್ಟು ದಿನ ಮನೆ ನಡೆದದ್ದು ಅಮ್ಮನ ಓಲೆಯಿಂದ. ಜನವರಿ ಕೊನೆಯಲ್ಲಿ ಅವನ್ನು ಗಿರವಿ ಇಟ್ಟು 10,000 ತಂದಿದ್ದೆವು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಕೇಳಲು ಸಣ್ಣದು, ಮೂರೇ ರೂಪಾಯಿ. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ಮೂವತ್ತಾರು. ಅದೇ ಓಲೆಯನ್ನು ಬ್ಯಾಂಕಿನಲ್ಲಿಟ್ಟು ಚಿನ್ನದ ಸಾಲ ತೆಗೆದಿದ್ದರೆ ಸುಮಾರು ಮೂರನೇ ಒಂದು ಭಾಗದ ಬಡ್ಡಿಗೆ ಮುಗಿಯುತ್ತಿತ್ತು. ಆದರೆ ಬ್ಯಾಂಕಿಗೆ ಹೋಗಿ ಕೂರಲು ಒಂದು ದಿನ ಬೇಕು. ಮಗ ಕಾಡಿನಲ್ಲಿ, ಅಮ್ಮನಿಗೆ ಓಡಾಡಲು ಆಗದು. ಎರಡು ತಿಂಗಳಿಗೆ 600 ರೂಪಾಯಿ ಬಡ್ಡಿ ಕಟ್ಟಿ ಓಲೆ ಬಿಡಿಸಿಕೊಂಡೆ. ಬರಿಗಿವಿಯಲ್ಲಿ ಅಮ್ಮ ಒಂದು ಮದುವೆಗೂ ಹೋಗಲಿಲ್ಲ. ಆ ನೋವನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯಲಾಗದು.

ಆ ಹೊತ್ತಿಗೆ ನನಗೆ ಪಾಠ ಕಲಿಸಿದವರು ನಮ್ಮ ಶಿಬಿರದ ಹಿರಿಯರು. ಇಪ್ಪತ್ತು ಬೇಸಿಗೆ ಇದೇ ಕೆಲಸ ಮಾಡಿದವರು, ಕಾಡಂಚಿನ ಹಾಡಿಯವರು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತಕ್ಕೆ ವಾಹನ ಸಂಚಾರ ನಿಲ್ಲುತ್ತದೆ. ದೂರದ ಲಾರಿಗಳ ಸದ್ದು ನಿಂತ ಮೇಲೆ ಒಲೆಯ ಮುಂದೆ ಕೂತು ಮಾತಾಡುತ್ತಿದ್ದೆವು. ಏಪ್ರಿಲ್‌ನಲ್ಲಿ ಒಂದು ರಾತ್ರಿ ಗುಡುಗು ಕೇಳಿಸಿತು. ನಾನು ಖುಷಿಯಿಂದ ಎದ್ದು ಕೂತೆ. ಅವರು ಒಲೆಗೆ ಕೊಳ್ಳಿ ತಳ್ಳುತ್ತಾ ಹೇಳಿದರು: ‘ಮಳ ಬಂದ್ರ ಕಾಡ್ಗ ಜೀವ ಕನ ಮೊಗ. ನಮ್ಗ ಕೂಲಿ ನಿಂತೋಯ್ತು.’

ಬೇಸಿಗೆ ಇರುವಷ್ಟು ದಿನ ಕೂಲಿ, ಮಳೆ ಬಿದ್ದರೆ ಮನೆಗೆ. ಮಳೆ ಯಾವಾಗ ಬರುತ್ತದೆಂದು ಯಾರಿಗೆ ಗೊತ್ತು? ಮೇ ಕೊನೆಯವರೆಗೆ ಕೆಲಸ ಎಂದು ನಾನು ಎಣಿಸಿದ್ದೆ. ಮೇ ಮೊದಲ ವಾರದಲ್ಲೇ ನೆಲ ನೆಂದಿತು, ಹಸಿರು ಚಿಗುರಿತು, ನಮ್ಮನ್ನು ಕಳುಹಿಸಿದರು. ಒಟ್ಟು ಮೂರೂವರೆ ತಿಂಗಳು.

ಊರಿಗೆ ಬಂದ ರಾತ್ರಿ ಲೆಕ್ಕ ಬರೆದೆ. ಒಟ್ಟು ಕೂಲಿ 42,000. ಅದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 3,500. ನಾನು ಸೇರಿದ್ದು ತಿಂಗಳಿಗೆ 12,000 ರೂಪಾಯಿಯ ಕೆಲಸಕ್ಕಲ್ಲ, ವರ್ಷಕ್ಕೆ 42,000 ರೂಪಾಯಿಯ ಕೆಲಸಕ್ಕೆ. ನನ್ನ ತಪ್ಪು ಇಲ್ಲಿತ್ತು. ಕೂಲಿ ಮೂರೂವರೆ ತಿಂಗಳಿಗೆ ನಿಲ್ಲುತ್ತದೆ, ಹೊಟ್ಟೆ ಹನ್ನೆರಡು ತಿಂಗಳೂ ಕೇಳುತ್ತದೆ. ಈ ಒಂದು ಭಾಗಾಕಾರವನ್ನು ಕೆಲಸಕ್ಕೆ ಹೋಗುವ ಮೊದಲೇ ಮಾಡಿದ್ದರೆ ಬೇಸಾಯದ ಜೊತೆಗೆ ಮಳೆಗಾಲಕ್ಕೆ ಇನ್ನೊಂದು ಕೆಲಸವನ್ನು ಆಗಲೇ ಹುಡುಕಿಕೊಂಡಿರುತ್ತಿದ್ದೆ.

ಖರ್ಚಿನ ಕಡೆ ನೋಡೋಣ. ಶಿಬಿರದ ಅಕ್ಕಿ, ಬೇಳೆ, ಎಣ್ಣೆಗೆ ನನ್ನ ಪಾಲು ತಿಂಗಳಿಗೆ 1,500ರಂತೆ 5,250. ಶೂ, ಬಟ್ಟೆಗೆ 1,750. ಗಿರವಿಯ ಅಸಲು ಬಡ್ಡಿ 10,600. ಏಪ್ರಿಲ್, ಮೇ ತಿಂಗಳ ಮನೆ ಖರ್ಚು 8,000. ಉಳಿದದ್ದು 16,400. ಕಾಡಿನಲ್ಲಿ ಅಂಗಡಿ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ, ಆದ್ದರಿಂದ ಇಷ್ಟಾದರೂ ಉಳಿಯಿತು. ಅಪಾಯ ಇರುವುದು ಊರಿಗೆ ಇಳಿದ ಮೇಲೆ. ಮೂರು ತಿಂಗಳು ಏನನ್ನೂ ಕೊಳ್ಳದ ಕೈಗೆ ದುಡ್ಡು ಒಟ್ಟಿಗೆ ಸಿಕ್ಕಾಗ ಅದು ಹೋಗುವ ದಾರಿ ಗೊತ್ತಾಗುವುದಿಲ್ಲ. ಹಬ್ಬ, ಸಾಲ ಕೇಳುವ ನೆಂಟರು, ಹೊಸ ಫೋನು. ನಮ್ಮ ಶಿಬಿರದ ಇಬ್ಬರು ಹುಡುಗರ ದುಡ್ಡು ಹದಿನೈದೇ ದಿನದಲ್ಲಿ ಕರಗಿತು.

ನಾನು ಮಾಡಿದ್ದು ಇಷ್ಟು. ಉಳಿದ ಹಣವನ್ನು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕಿದೆ. ಆ ಖಾತೆಗೆ ಎಟಿಎಂ ಕಾರ್ಡು ಬೇಡ ಎಂದೆ, ಫೋನಿನಲ್ಲಿ ಯಾವ ಆ್ಯಪಿಗೂ ಜೋಡಿಸಲಿಲ್ಲ. ಜೂನ್‌ನಿಂದ ಮುಂದಿನ ಜನವರಿವರೆಗೆ ಎಂಟು ತಿಂಗಳು, ಪ್ರತಿ ತಿಂಗಳ ಮೊದಲ ವಾರ ಹೋಗಿ ಸುಮಾರು 2,000 ರೂಪಾಯಿ ಮಾತ್ರ ತೆಗೆದೆ. ಅಮ್ಮನಿಗೆ ಅದೇ ಸಂಬಳ. ಜಮೀನಿನ ಹುರುಳಿ, ಅಲ್ಲಿ ಇಲ್ಲಿ ಲೆಕ್ಕ ಬರೆದ ಕೂಲಿ ಸೇರಿ ವರ್ಷ ದಾಟಿತು. ಓಲೆ ಮತ್ತೆ ಗಿರವಿ ಅಂಗಡಿಗೆ ಹೋಗಲಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಆನೆ, ಹಾವು, ಬೆಂಕಿ, ಈ ಕೆಲಸದಲ್ಲಿ ಮೂರೂ ದಿನದ ಮಾತು. ಆದರೂ ನಮ್ಮ ಶಿಬಿರದಲ್ಲಿ ಸ್ವಂತ ಹೆಸರಿನಲ್ಲಿ ವಿಮೆ ಇದ್ದವರು ಒಬ್ಬರೂ ಇರಲಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸತ್ತಾಗ ಮನೆಯವರಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಹಾವು ಕಚ್ಚಿ, ಮರದಿಂದ ಬಿದ್ದು ಸತ್ತರೂ ಲೆಕ್ಕಕ್ಕಿದೆ, ಆಸ್ಪತ್ರೆಯ ದಾಖಲೆ ಮಾತ್ರ ಕೂಡಲೇ ಆಗಿರಬೇಕು. 18ರಿಂದ 70 ವಯಸ್ಸಿನವರು ಸೇರಬಹುದು. ಜೀವನ್ ಜ್ಯೋತಿ ಯೋಜನೆಗೆ 436 ರೂಪಾಯಿ. ಅದರಲ್ಲಿ ಸಾವು ಹೇಗೇ ಬಂದರೂ 2 ಲಕ್ಷ. ಅದಕ್ಕೆ ಸೇರಲು ವಯಸ್ಸು 18ರಿಂದ 50ರೊಳಗಿರಬೇಕು, ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಅನ್ವಯ. ಎರಡೂ ಸೇರಿ 456 ರೂಪಾಯಿ, ಒಂದು ದಿನದ ಕೂಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಋತುಮಾನದ ಕೂಲಿಯವರಿಗೆ ಇಲ್ಲಿ ಒಂದು ತೊಡಕಿದೆ. ಈ ವಿಮೆಗಳ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಯ ಹೊತ್ತಿಗೆ ಕಂತು ಖಾತೆಯಿಂದ ತಾನಾಗಿಯೇ ಕಟ್ಟಾಗುತ್ತದೆ. ಕೂಲಿ ಬಂದ ಖುಷಿಯಲ್ಲಿ ಖಾತೆಯನ್ನು ಪೂರ್ತಿ ಖಾಲಿ ಮಾಡುವುದೂ ಅದೇ ಮೇ ತಿಂಗಳಲ್ಲಿ. ಹಣವಿಲ್ಲದಿದ್ದರೆ ವಿಮೆ ನಿಲ್ಲುತ್ತದೆ, ಹೇಳುವವರು ಯಾರೂ ಇರುವುದಿಲ್ಲ. ಅದಕ್ಕೆ ಆ 16,400ರಲ್ಲಿ ನಾನು ಮೊದಲು ತೆಗೆದಿಟ್ಟದ್ದು ಈ ಕಂತಿನ ಹಣ.

ಇಂಥ ಕೆಲಸಕ್ಕೆ ಹೊರಟವರು ನಾಲ್ಕು ಕೆಲಸ ಮಾಡಿಕೊಂಡೇ ಊರು ಬಿಡಬೇಕು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಖಾತೆ ಚಾಲ್ತಿಯಲ್ಲಿದೆಯೇ, ಕೋಡ್ ಸರಿ ಇದೆಯೇ, ನಾಮಿನಿ ಹೆಸರಿದೆಯೇ ಎಂದು ನೋಡಿ. ಎರಡು ತಿಂಗಳು ಕೂಲಿ ಬಾರದಿದ್ದರೂ ಮನೆ ನಡೆಯುವಷ್ಟು ದುಡ್ಡನ್ನು ಮನೆಯವರ ಕೈಗೆ ಕೊಟ್ಟು ಹೋಗಿ. ಸಾಲ ಮಾಡಲೇಬೇಕಿದ್ದರೆ ಹೋಗುವ ಮೊದಲೇ ಬ್ಯಾಂಕಿನಲ್ಲಿ ಮಾಡಿ. ಮೊದಲು ಎಲ್ಲಾದರೂ ಪಿಎಫ್ ಇದ್ದಿದ್ದರೆ ಆ ಯುಎಎನ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಹೊಸ ಕಡೆ ಪಿಎಫ್ ಹಿಡಿದರೆ ಅದೇ ಸಂಖ್ಯೆ ಕೊಡಿ. ಕೆಲಸಕ್ಕೆ ಸೇರಿದ ಮೇಲೆ ಜೇಬಿನಲ್ಲಿ ಒಂದು ಸಣ್ಣ ಪುಸ್ತಕವಿಟ್ಟು ದುಡಿದ ಪ್ರತಿ ದಿನಕ್ಕೂ ನಿಮ್ಮ ಕೈಯಲ್ಲೇ ಹಾಜರಿ ಬರೆಯಿರಿ. ನಮ್ಮ ಹಿರಿಯರ ಹತ್ತಿರ ಇಪ್ಪತ್ತು ಬೇಸಿಗೆಯ ದುಡಿಮೆಗೆ ಒಂದು ಚೀಟಿಯೂ ಇರಲಿಲ್ಲ.

ಆ ಕೆಲಸಕ್ಕೆ ಹೋದದ್ದಕ್ಕೆ ನನಗೆ ಬೇಸರವಿಲ್ಲ. ನಾವು ಕಾದ ಪಟ್ಟಿಯಲ್ಲಿ ಆ ಬೇಸಿಗೆ ಬೆಂಕಿ ದಾಟಲಿಲ್ಲ. ಅದು ದುಡ್ಡಿನಲ್ಲಿ ಅಳೆಯುವ ಸಂಗತಿಯಲ್ಲ. ಆದರೆ ಕಾಡು ಕಾಯುವವರ ಮನೆಯನ್ನು ಕಾಯುವುದು ದುಡ್ಡೇ.

ಕಾಡಂಚಿನ ಊರುಗಳಲ್ಲಿ ಓದಿಕೊಂಡ ಮಕ್ಕಳಿರುವ ಮನೆಗಳು ಈಗ ಬಹಳ. ಅವರಲ್ಲಿ ನನ್ನ ಒಂದು ವಿನಂತಿ. ಈ ಮೇ ತಿಂಗಳಲ್ಲಿ ಮಳೆ ಬಿದ್ದು, ನಿಮ್ಮೂರಿನ ಬೆಂಕಿ ಕಾವಲಿನವರು ಮನೆಗೆ ಬಂದಾಗ ಅವರ ಜೊತೆ ಒಂದು ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಬನ್ನಿ. ಪಾಸ್‌ಬುಕ್ಕು ಬರೆಸಿ, ನಾಮಿನಿ ಹೆಸರು ಸೇರಿಸಿ, ಖಾತೆಯಲ್ಲಿ 456 ರೂಪಾಯಿ ಉಳಿದಿದೆಯೇ ನೋಡಿ. ನಿಮ್ಮದು ಅರ್ಧ ದಿನ ಹೋಗುತ್ತದೆ. ಅವರ ಮನೆಗೆ ಒಂದು ವರ್ಷದ ರಕ್ಷಣೆ ಸಿಗುತ್ತದೆ.