ಅರಸೀಕೆರೆಯಿಂದ ದ್ವೀಪಕ್ಕೆ, ಎರಡು ಸಲ

ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಮೊಬೈಲಿನಲ್ಲಿ ಅಂಡಮಾನಿನ ವಿಡಿಯೋ ನೋಡಿ ಮಗಳಿಗೆ ದ್ವೀಪದ ಹುಚ್ಚು ಹಿಡಿಯಿತು. ವಿಚಾರಿಸಿದೆ. ಪ್ಯಾಕೇಜಿನವರು ಹೇಳಿದ ದರ ತಲೆಗಿಷ್ಟು ಅಂತ, ಅದೂ ಅಂಡಮಾನಿನಲ್ಲಿ ಇಳಿದ ಮೇಲಿನದು. ವಿಮಾನದ ದುಡ್ಡು ಬೇರೆ. ಲಕ್ಷದ್ವೀಪಕ್ಕೆ ಮೊದಲು ಪರ್ಮಿಟ್ಟೇ ಆಗಬೇಕು. ಆಗ ನೆನಪಾದದ್ದು ಉಡುಪಿ ಪಕ್ಕದ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಉಡುಪಿಗೆ ಎಷ್ಟು ಸಲ ಹೋಗಿದ್ದರೂ ಕೃಷ್ಣನ ದರ್ಶನ ಮುಗಿಸಿ ಬಸ್ಸು ಹತ್ತಿ ಬಂದವರು ನಾವು. ಹತ್ತಿರದ್ದು ಅಂದರೆ ನಮಗೆ ಅಷ್ಟು ತಾತ್ಸಾರ.

ಮೊದಲ ಸಲ ಹೊರಟದ್ದು ಮೇ ಕೊನೆಯ ವಾರ, ಶಾಲೆ ಬಾಗಿಲು ತೆರೆಯುವ ಮುಂಚೆ. ರಾತ್ರಿ ಹಳೇಬೀಡಿನ ಮಾವನ ಮನೆಯಲ್ಲಿದ್ದು, ಬೇಲೂರು, ಮೂಡಿಗೆರೆ, ಚಾರ್ಮಾಡಿ ದಾರಿ ಹಿಡಿದೆವು. ಕೊಟ್ಟಿಗೆಹಾರದಲ್ಲಿ ತಿಂದ ನೀರುದೋಸೆಯನ್ನು ಮಗ ಘಾಟಿಯ ತಿರುವಿನಲ್ಲೇ ವಾಪಸ್ ಕೊಟ್ಟ. ಹೇಗೋ ಮಲ್ಪೆ ಮುಟ್ಟಿದರೆ ದೋಣಿಯೇ ಇಲ್ಲ! ಕಡಲು ಕೆಸರು ಬಣ್ಣಕ್ಕೆ ತಿರುಗಿ ಮೊರೆಯುತ್ತಿತ್ತು. ಮೀನಿನ ಬುಟ್ಟಿ ಹೊತ್ತು ಹೊರಟಿದ್ದ ಹೆಂಗಸೊಬ್ಬರು ನಮ್ಮ ಬ್ಯಾಗುಗಳನ್ನು ನೋಡಿ, "ಈಗ ದೋಣಿ ಬಿಡುದಿಲ್ಲ ಮಾರಾಯ್ರೆ, ಒಂದು ಮಾತು ಕೇಳಿ ಬರ್ಲಿಕ್ಕೆ ಆಗ್ಲಿಲ್ವಾ?" ಎಂದರು.

ಅವರು ಹೇಳಿದ್ದು ಸರಿಯೇ. ಹಳೇಬೀಡಿಗೆ ಏಪ್ರಿಲ್ ಮಧ್ಯಾಹ್ನ ಬಂದು, ಚಪ್ಪಲಿ ಬಿಟ್ಟು, ಹೊಯ್ಸಳೇಶ್ವರ ದೇವಸ್ಥಾನದ ಕಾದ ಜಗಲಿಯ ಮೇಲೆ ಕುಣಿಯುವವರನ್ನು ಕಂಡು ಮಾವ ಎಷ್ಟು ವರ್ಷದಿಂದ ನಗುತ್ತಿದ್ದಾರೋ! "ಬೆಳಗ್ಗೆ ಬರಬಾರದಾ ಇವರು?" ಅನ್ನುವುದು ಅವರ ಮಾತು. ಮಲ್ಪೆಯಲ್ಲಿ ಹಾಗೆ ಕುಣಿದವರು ನಾವು. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ ದ್ವೀಪಕ್ಕೆ ದೋಣಿ ಸಾಮಾನ್ಯವಾಗಿ ಬಂದ್. ನಾನು ಕ್ಯಾಲೆಂಡರಿನಲ್ಲಿ ಮಕ್ಕಳ ರಜೆ ನೋಡಿದ್ದೆನೇ ಹೊರತು ಕಡಲಿನದ್ದಲ್ಲ.

ಎರಡನೇ ಸಲ ದೀಪಾವಳಿ ಕಳೆಯಲಿ ಎಂದು ಕಾದೆವು. ಮೊದಲು ದೋಣಿ ವಿಚಾರಿಸಿ, ಆಮೇಲೆ ಅರಸೀಕೆರೆಯಿಂದಲೇ ಮಂಗಳೂರಿಗೆ ರೈಲು ಬುಕ್ ಮಾಡಿದೆ. ಸಕಲೇಶಪುರ, ಸುಬ್ರಹ್ಮಣ್ಯದ ನಡುವೆ 57 ಸುರಂಗ; ಮಗ ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪಿಸಿಕೊಂಡ, ವಾಂತಿ ಮಾತ್ರ ಮಾಡಲಿಲ್ಲ. ಮಂಗಳೂರಿನಿಂದ ಉಡುಪಿಗೆ ಬಂದು, ಕಡಲ ದಂಡೆಯ ರೆಸಾರ್ಟಿನ ಗೋಜಿಗೆ ಹೋಗದೆ ಪೇಟೆಯಲ್ಲೇ ರೂಮು ಮಾಡಿದೆವು. ಮಧ್ಯಾಹ್ನದ ಊಟ ಮಠದಲ್ಲಿ, ಮಲ್ಪೆಗೆ ಸಿಟಿ ಬಸ್ಸು. ಶಾಲೆಗೆ ಎರಡು ದಿನ ಚಕ್ಕರ್ ಹೊಡೆಸಿ ಮಂಗಳವಾರ ಹೋದದ್ದರಿಂದ ರೂಮು ಕಮ್ಮಿಗೆ ಸಿಕ್ಕಿತು. ಅದರ ಶಿಕ್ಷೆಯೂ ಇತ್ತೆನ್ನಿ: ಜನ ತುಂಬುವ ತನಕ ದೋಣಿ ಕದಲಲಿಲ್ಲ, ಒಂದೂವರೆ ಗಂಟೆ ಕಾದೆವು.

ದ್ವೀಪದಲ್ಲಿ ನಾನು ಎಣಿಸಿದ್ದೇ ಬೇರೆ, ಕಂಡದ್ದೇ ಬೇರೆ. ಕಾಲ ಕೆಳಗೆ ನುಣ್ಣನೆ ಮರಳಿಲ್ಲ, ಬರೀ ಚಿಪ್ಪು. ಚಪ್ಪಲಿ ಬಿಟ್ಟರೆ ಅಂಗಾಲು ಸೀಳುತ್ತದೆ. ಬಂಡೆ ಚೂಪು, ಹಾಗಾಗಿ ಮಕ್ಕಳನ್ನು ನೀರಿಗಿಳಿಸಲಿಲ್ಲ. ಆ ಆಟ ಸಂಜೆ ಮಲ್ಪೆ ಬೀಚಿನಲ್ಲಾಯಿತು. ನೋಡಬೇಕಾದ್ದು ಅಲ್ಲಿನ ಕಲ್ಲು. ಐದು ಮೂಲೆ, ಆರು ಮೂಲೆಯ ಕಂಬಗಳು ಒಂದಕ್ಕೊಂದು ಅಂಟಿ, ಸೌದೆ ಒಟ್ಟಿದಂತೆ ನಿಂತಿವೆ. ಹೊಯ್ಸಳೇಶ್ವರನ ಅಂಗಳದಲ್ಲಿ ಆಡಿ ಬೆಳೆದ ಮಗಳು ಮುಟ್ಟಿ ನೋಡಿ, "ಇದನ್ನ ಯಾರಪ್ಪ ಕೆತ್ತಿದ್ದು?" ಅಂದಳು. ಯಾರೂ ಅಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಆರುತ್ತ ಬಿರಿದ ರೀತಿ ಅದು. ಸಂಜೆಯೊಳಗೆ ದ್ವೀಪ ಬಿಡಬೇಕು, ರಾತ್ರಿ ಉಳಿಯುವಂತಿಲ್ಲ. ನಾವಂತೂ ಎರಡು ಗಂಟೆ ಕಂಬಗಳ ಮೇಲೇ ಕೂತಿದ್ದೆವು.

ಮೂರು ದಿನ, ನಾಲ್ಕು ಜನ. ಹತ್ತು ಸಾವಿರದೊಳಗೆ ಮುಗಿಯಿತು. ಹೋಗುವುದಿದ್ದರೆ ನವೆಂಬರ್ ಮೇಲೆ ಹೋಗಿ, ಹಿಂದಿನ ದಿನ ದೋಣಿ ಬಿಡುತ್ತಾರಾ ಎಂದು ಫೋನ್ ಮಾಡಿ ಕೇಳಿ. ಸುತ್ತ ತೆಂಗಿರುವ ಆ ದ್ವೀಪಕ್ಕೆ ಕೋಕೊನಟ್ ಐಲ್ಯಾಂಡ್ ಎಂದೇ ಹೆಸರು. ಎಳನೀರನ್ನು ಮಾತ್ರ ಅರಸೀಕೆರೆಯಲ್ಲೇ ಕುಡಿದು ಹೊರಡಿ.